ಸೂರ್ಯಪ್ರಕಾಶದಿಂದ ಜಲವಿಭಜನೆ: ಅರೆವಾಹಕ ವಿದ್ಯುದ್ವಾರಗಳ ಇತಿಹಾಸ

ಸೂರ್ಯನ ಬೆಳಕಿನಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆಯುವ ವಿದ್ಯೆಯು ೧೯೭೨ನೆಯ ಇಸವಿಯಲ್ಲಿ ಜಪಾನಿನಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತನ್ನು ಸ್ವಲ್ಪ ವಿವೇಚಿಸಿ ಒಪ್ಪಬೇಕಾಗಿದೆ.

೧೮೩೯ರಲ್ಲಿಯೇ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತು ವರ್ಷದ ತರುಣನು, ಬೆಳ್ಳಿಯ ಲವಣವನ್ನು ಲೇಪಿಸಿದ ಪ್ಲಾಟಿನಂ ಫಲಕವನ್ನು ಆಮ್ಲದಲ್ಲಿಟ್ಟು ಬೆಳಕಿಗೆ ಒಡ್ಡಿದಾಗ ವಿದ್ಯುತ್ತು ಹರಿಯುವುದನ್ನು ಕಂಡಿದ್ದನು. ಅರೆವಾಹಕವೆಂಬ ಕಲ್ಪನೆಯೇ ಬೆಳೆದಿರದ ಕಾಲವದು. ಕಾರಣವು ತಿಳಿಯದೆ ಉಳಿಯಿತು. ೧೯೫೫ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಬ್ರಾಟೇನ್, ಗ್ಯಾರೆಟ್ ಎಂಬವರು ಜರ್ಮೇನಿಯಂ ಸ್ಫಟಿಕವನ್ನು ದ್ರಾವಣದಲ್ಲಿಟ್ಟು ಪರೀಕ್ಷಿಸಿದ ಮೇಲೆ ಈ ವಿಷಯಕ್ಕೆ ಶಾಸ್ತ್ರೀಯವಾದ ತಳಹದಿ ದೊರೆಯಿತು.

ಆದರೆ ಸತುವಿನ ಆಕ್ಸೈಡು, ಕ್ಯಾಡ್ಮಿಯಂ ಸಲ್ಫೈಡು ಮೊದಲಾದವು ಬೆಳಕು ಬಿದ್ದಾಗ ನೀರಿನಲ್ಲಿ ತಾವೇ ಕರಗತೊಡಗಿದುವು. ಬೆಳಕು ಎಲೆಕ್ಟ್ರಾನನ್ನು ಎಬ್ಬಿಸಿದ ಕಡೆ ಒಂದು ತೆರವು ಉಳಿಯುವುದು. ನೀರಿನಿಂದ ಎಲೆಕ್ಟ್ರಾನನ್ನು ಸೆಳೆಯಬೇಕಾದ ಆ ತೆರವು ಇವುಗಳಲ್ಲಿ ಸ್ಫಟಿಕದ ಬಂಧಗಳನ್ನೇ ಕಿತ್ತುಬಿಡುವುದು. ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂಬ ಗಾದೆಗೆ ಇದು ತಕ್ಕ ನಿದರ್ಶನ.

ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಕೆನಿಚಿ ಹೊಂಡಾ ಅವರ ಶಿಷ್ಯರಾದ ಅಕಿರಾ ಫುಜಿಶಿಮಾ ಅವರು ೧೯೬೭ರಲ್ಲಿ ಟೈಟೇನಿಯಂ ಡೈಆಕ್ಸೈಡಿನ ಸ್ಫಟಿಕವನ್ನು ಹೀಗೆಯೇ ಬೆಳಕಿಗೆ ಒಡ್ಡಿದರು. ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿರುವ ವಸ್ತುವೇ ಇದು. ಸ್ಫಟಿಕದಿಂದ ಆಮ್ಲಜನಕವೂ ಎದುರಿನ ಪ್ಲಾಟಿನಂನಿಂದ ಜಲಜನಕವೂ ಹೊರಟುವು, ಸ್ಫಟಿಕವು ಕರಗಲಿಲ್ಲ. ನಿಜವಾಗಿ ಹೊಸದಾದುದು ಈ ಕರಗದಿರುವಿಕೆಯೇ. ೧೯೬೮ರಲ್ಲಿ ಅಮೆರಿಕದ ಬಾಡಿ ಎಂಬವರೂ ಇದೇ ವಸ್ತುವಿನಿಂದ ಆಮ್ಲಜನಕ ಬರುವುದನ್ನು ವರದಿಮಾಡಿದ್ದರು. ಫುಜಿಶಿಮಾ ಅವರ ಲೇಖನವು ಜಪಾನೀ ಪತ್ರಿಕೆಯಲ್ಲಿ ೧೯೬೯ರಲ್ಲಿಯೇ ಅಚ್ಚಾಗಿದ್ದರೂ, ಲೋಕವು ಕಿವಿಗೊಟ್ಟುದು ೧೯೭೨ರಲ್ಲಿ ಇಂಗ್ಲಿಷಿನ 'ನೇಚರ್' ಪತ್ರಿಕೆಯಲ್ಲಿ ಬಂದ ಎರಡು ಪುಟಗಳಿಗೆ. ದೇಶಭಾಷೆಗಳಲ್ಲಿ ಶಾಸ್ತ್ರವನ್ನು ಬರೆಯುವವರು ಇದನ್ನು ಗಮನಿಸದೆ ಇರಲಾರರು. ಮರುವರ್ಷವೇ ಎಣ್ಣೆಯ ಬೆಲೆ ಏರಿ, ಆ ಪುಟಗಳಿಗೆ ಇಮ್ಮಡಿ ಬೆಲೆ ಬಂದಿತು.

ಬೆಳಕೊಂದೇ ಈ ಕೆಲಸವನ್ನು ನಡೆಸಿತೆಂಬ ಮಾತಿಗೆ ಆಕ್ಷೇಪವುಂಟು. ಈ ವಸ್ತುವಿನ ಎಲೆಕ್ಟ್ರಾನುಗಳಿಗೆ ಜಲಜನಕವನ್ನು ಬಿಡಿಸುವಷ್ಟು ಬಲ ಸಾಲದು; ಹೊರಗಿನ ವಿದ್ಯುದ್ಬಲವನ್ನೋ, ಎರಡು ಪಾರ್ಶ್ವಗಳಲ್ಲಿ ಆಮ್ಲ ಕ್ಷಾರಗಳ ವ್ಯತ್ಯಾಸವನ್ನೋ ಒದಗಿಸಬೇಕು. ೧೯೭೬ರಲ್ಲಿ ಪರೀಕ್ಷೆಗೆ ಬಂದ ಸ್ಟ್ರಾಂಶಿಯಂ ಟೈಟನೇಟಿಗೆ ಈ ಕೊರತೆಯಿಲ್ಲ. ಆದರೂ ಎರಡೂ ಹೀರುವುದು ನೇರಳಾತೀತ ಕಿರಣಗಳನ್ನು. ಬಿಸಿಲಿನಲ್ಲಿ ಅವುಗಳ ಪಾಲು ನೂರಕ್ಕೆ ಐದರಷ್ಟು ಮಾತ್ರ. ಕಣ್ಣಿಗೆ ಕಾಣುವ ಬೆಳಕನ್ನು ಹೀರಬಲ್ಲ ಕಬ್ಬಿಣದ ಆಕ್ಸೈಡಿನಲ್ಲಿ ತೆರವುಗಳು ಮೇಲ್ಮೈಯನ್ನು ಮುಟ್ಟುವ ಮುನ್ನವೇ ಬಹುಪಾಲು ಅಳಿದುಹೋಗುವುವು. ೧೯೯೮ರಲ್ಲಿ ಅಮೆರಿಕದ ಖಾಸೆಲೆವ್, ಟರ್ನರ್ ಎಂಬವರು ಗ್ಯಾಲಿಯಂ ಸಂಯುಕ್ತಗಳ ಪದರಗಳಿಂದ ನೂರಕ್ಕೆ ೧೨.೪ರಷ್ಟು ಫಲವನ್ನು ಪಡೆದರು. ಆ ಪದರಗಳೂ ದ್ರಾವಣದಲ್ಲಿ ಸವೆಯತೊಡಗಿದುವು.