ಸುರುಳಿಗೂ ಮುನ್ನ

ಜಪಾನಿನ ಮಾಂಗಾದಲ್ಲಿ, ಅಂದರೆ ಅಲ್ಲಿನ ಚಿತ್ರಕಥೆಗಳಲ್ಲಿ, ಕಾಸ್ಮಿಕ್ ಹಾರರ್ ಎಂದೊಡನೆ ಈಗ ಎರಡೇ ಹೆಸರು ಕೇಳಿಬರುತ್ತವೆ. ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ ಬೀಜ ಬಿತ್ತಿದರು, ಜುಂಜಿ ಇತೊ ಬೆಳೆ ತೆಗೆದರು ಅನ್ನುವುದು ರೂಢಿಗೆ ಬಂದಿರುವ ಕಥೆ. 2024ರಲ್ಲಿ ಇತೊ ಅವರ ‘ಉಜುಮಾಕಿ’ (ಸುರುಳಿ) ಅನಿಮೆಯಾಗಿ ಬಂದಮೇಲಂತೂ ಈ ಕಥೆ ಇನ್ನಷ್ಟು ಗಟ್ಟಿಯಾಯಿತು. ಇಪ್ಪತ್ತೈದು ವರ್ಷದಿಂದ ಈ ಪುಸ್ತಕಗಳನ್ನು ಓದುತ್ತಾ, ಮತ್ತೆ ಮತ್ತೆ ಓದುತ್ತಾ ಬಂದ ನನಗೆ ಇದನ್ನು ಒಪ್ಪಲು ಆಗುತ್ತಿಲ್ಲ. ಇತೊ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ನಿಂತಿರುವ ನೆಲವನ್ನು ಉತ್ತವರು ಬೇರೆಯವರು.

ಲವ್‌ಕ್ರಾಫ್ಟ್ (1890–1937) ಬರೆದ ಭಯದ ತಿರುಳು ಇಷ್ಟು: ಈ ಬ್ರಹ್ಮಾಂಡಕ್ಕೆ ನೀನು ಲೆಕ್ಕಕ್ಕೇ ಇಲ್ಲ. ಅದನ್ನು ಅರಿತವನಿಗೆ ತಲೆ ಕೆಡುತ್ತದೆ. ಜಪಾನಿನ ಮಾಂಗಾದಲ್ಲಿ ನಾನು ಕಂಡ ಭಯ ಇದಕ್ಕೆ ಹೆಚ್ಚುಕಡಿಮೆ ಎದುರಾಗಿ ನಿಲ್ಲುತ್ತದೆ. ಅಲ್ಲಿ ಆ ಅಗಾಧಕ್ಕೆ ನಿನ್ನ ಗುರುತಿದೆ. ಅದು ನಿನ್ನನ್ನು ಕರೆಯುತ್ತದೆ, ಕರೆದಾಗ ಹೋಗಬೇಕು ಅಂತ ನಿನಗೇ ಅನ್ನಿಸುತ್ತದೆ. ಲವ್‌ಕ್ರಾಫ್ಟ್‌ರ ಇನ್ಸ್‌ಮೌತ್ ಕಥೆಯ ಕೊನೆಯಲ್ಲಿ ಇಂಥ ಕರೆ ಇದೆ, ನಿಜ. ಅವರಲ್ಲಿ ಅದು ಅಪರೂಪ. ಇಲ್ಲಿ ಅದೇ ಹೆದ್ದಾರಿ.

ಆರಂಭದ ಘಟ್ಟವನ್ನು ಬೇಗ ದಾಟುತ್ತೇನೆ. ಯುದ್ಧದ ನಂತರ ಜಪಾನಿನಲ್ಲಿ ಬಾಡಿಗೆಗೆ ಮಾಂಗಾ ಕೊಡುವ ಅಂಗಡಿಗಳಿದ್ದವು. ರಬೌಲ್‌ನ ರಣರಂಗದಲ್ಲಿ ಎಡಗೈ ಕಳೆದುಕೊಂಡು ಬಂದ ಶಿಗೆರು ಮಿಜುಕಿ ಆ ಅಂಗಡಿಗಳಿಗಾಗಿ ಬಲಗೈಯೊಂದರಲ್ಲೇ ಬರೆಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅವರು ಲವ್‌ಕ್ರಾಫ್ಟ್‌ರ ‘ಡನ್‌ವಿಚ್ ಹಾರರ್’ ಕಥೆಯನ್ನು ಜಪಾನಿನ ಹಳ್ಳಿಗೆ ತಂದಿಟ್ಟರು. ಮುಂದೆ ಅವರ ಮನಸ್ಸು ಯೋಕಾಯ್‌ಗಳ, ಅಂದರೆ ಊರೂರಿನ ದೆವ್ವಭೂತಗಳ ಕಡೆ ಹೊರಳಿತು. 1972–73ರಲ್ಲಿ ಗೊ ನಗಾಯ್ ‘ಡೆವಿಲ್‌ಮನ್’ ಬರೆದು ಮನುಷ್ಯಕುಲವನ್ನೇ ಮುಗಿಸಿಬಿಟ್ಟರು. ಅದರ ಕೊನೆಯ ಪುಟಗಳಿಗೆ ನನ್ನ ಗೌರವವಿದೆ.

ಅದೇ ಹೊತ್ತಿಗೆ, 1972ರಿಂದ 74ರವರೆಗೆ, ಕಾಜುವೊ ಉಮೆಜು ಹುಡುಗರ ವಾರಪತ್ರಿಕೆಯೊಂದರಲ್ಲಿ ‘ತೇಲಿಹೋದ ತರಗತಿ’ ಬರೆಯುತ್ತಿದ್ದರು. ಆರನೇ ತರಗತಿಯ ಶೊ ಬೆಳಿಗ್ಗೆ ಅಮ್ಮನ ಜೊತೆ ಜಗಳವಾಡಿ ಶಾಲೆಗೆ ಹೋಗುತ್ತಾನೆ. ಶಾಲೆಗೆ ಶಾಲೆಯೇ, ಮಕ್ಕಳು ಮೇಷ್ಟರುಗಳ ಸಮೇತ, ಹಾಳುಬಿದ್ದ ಭವಿಷ್ಯದ ಮರಳುಗಾಡಿಗೆ ಹೋಗಿ ಬೀಳುತ್ತದೆ. ದೊಡ್ಡವರು ಬಹುಬೇಗ ಕುಸಿಯುತ್ತಾರೆ, ಮಕ್ಕಳು ಉಳಿಯುತ್ತಾರೆ. ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಅಮ್ಮ. ಈಚೆ ದಡದಲ್ಲಿ, ನಮ್ಮ ಕಾಲದಲ್ಲಿ ನಿಂತು ಅವಳು ಮಗನಿಗಾಗಿ ಹೋಟೆಲ್ ಗೋಡೆಯೊಳಗೆ ಚಾಕುವೊಂದನ್ನು ಹುದುಗಿಸುತ್ತಾಳೆ, ಕಾಲದ ಆಚೆ ತುದಿಯಲ್ಲಿ ಅವನ ಕೈಗೆ ಸಿಗಲಿ ಅಂತ. ಊರವರ ಕಣ್ಣಿಗೆ ಅವಳು ಹುಚ್ಚಿ. ಬ್ರಹ್ಮಾಂಡದ ಅಳತೆಯ ಭಯವನ್ನು ತಾಯಿಮಗನ ಜಗಳವೊಂದರ ಅಳತೆಗೆ ಇಳಿಸಿದ ಈ ಕೆಲಸವನ್ನು ಲವ್‌ಕ್ರಾಫ್ಟ್‌ರ ಖಾತೆಗೆ ಬರೆಯಲು ಸಾಧ್ಯವೇ? ಉಮೆಜು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಬರೆದವರಲ್ಲಿ ಹಲವರು ಅವರನ್ನು ಇತೊ ಅವರ ಗುರು ಎಂದು ನೆನೆದರು. ಅಷ್ಟೇ ಅಂದರೆ ಅನ್ಯಾಯ.

ಇನ್ನು ನಾನು ನಿಧಾನಿಸಬೇಕಾದ ಹೆಸರು ದೈಜಿರೊ ಮೊರೊಹೊಶಿ. 1949ರಲ್ಲಿ ಹುಟ್ಟಿದವರು. 1974ರಲ್ಲಿ ‘ಜೀವನಗರ’ ಎಂಬ ಸಣ್ಣ ಕಥೆಗೆ ತೆಜುಕಾ ಪ್ರಶಸ್ತಿ ಬಂತು. ಗುರುಗ್ರಹದ ಉಪಗ್ರಹ ಅಯೋದಿಂದ ನೌಕೆಯೊಂದು ಮರಳುತ್ತದೆ. ಅದನ್ನು ಮುಟ್ಟಿದ ಲೋಹ, ಲೋಹವನ್ನು ಮುಟ್ಟಿದ ಮನುಷ್ಯ, ಮನುಷ್ಯನನ್ನು ಮುಟ್ಟಿದ ಮನುಷ್ಯ ಎಲ್ಲವೂ ಕರಗಿ ಒಂದರೊಳಗೊಂದು ಬೆಸೆದುಕೊಳ್ಳುತ್ತವೆ. ಗೋಡೆಗಳಿಂದ ಮುಖಗಳು ಮೂಡುತ್ತವೆ. ಓದುವ ನಮಗೆ ಮೈ ಜುಮ್ಮೆನ್ನುತ್ತದೆ, ಆ ಮುಖಗಳಲ್ಲಿ ಮಾತ್ರ ನೆಮ್ಮದಿ. ತಾವೀಗ ಸುಖವಾಗಿದ್ದೇವೆ ಅನ್ನುತ್ತಾರೆ. ನಾನು ಹೇಳುತ್ತಿರುವ ಆ ಕರೆ ಮಾಂಗಾದಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಇಲ್ಲೇ.

ಅದೇ ವರ್ಷ ಶುರುವಾದ ‘ಯೋಕಾಯ್ ಹಂಟರ್’ ಸರಣಿಯ ನಾಯಕ ಹಿಯೆದಾ ರೆಯಿಜಿರೊ ಉದ್ದ ಕೂದಲಿನ ಪುರಾತತ್ವಜ್ಞ. ಪ್ರಾಚೀನ ಗ್ರಂಥ ‘ಕೊಜಿಕಿ’ಯನ್ನು ಬಾಯಿಪಾಠದಿಂದ ಹೇಳಿಕೊಟ್ಟ ಹಿಯೆದಾ ನೊ ಅರೆಯ ಹೆಸರಿನ ನೆರಳು ಅವನ ಮೇಲಿದೆ. ಅವನು ದೆವ್ವ ಬಿಡಿಸುವವನಲ್ಲ. ಹಳ್ಳಿಗೆ ಹೋಗುತ್ತಾನೆ, ಗೋರಿ, ಗುಡಿ, ಆಚರಣೆಗಳನ್ನು ಕೆದಕುತ್ತಾನೆ, ಪುರಾಣದ ಅಡಿಯಲ್ಲಿ ಪುರಾಣಕ್ಕೂ ಹಳೆಯದೊಂದು ಉಸಿರಾಡುವುದನ್ನು ಕಂಡು ಸುಮ್ಮನೆ ನಿಲ್ಲುತ್ತಾನೆ.

1976ರ ‘ಕಗ್ಗತ್ತಲ ಪುರಾಣ’ (ಅಂಕೋಕು ಶಿನ್ವಾ) ಇನ್ನೂ ಆಳಕ್ಕಿಳಿಯುತ್ತದೆ. ತಾಕೆಶಿ ಎಂಬ ಹುಡುಗ ತಂದೆಯ ಸಾವಿನ ಜಾಡು ಹಿಡಿದು ಹೊರಡುತ್ತಾನೆ, ಅವನು ‘ಆತ್ಮನ್’ ಆಗಿ ಆರಿಸಲ್ಪಟ್ಟಿದ್ದಾನೆ ಎಂದು ತಿಳಿಯುತ್ತದೆ. ಹೌದು, ಉಪನಿಷತ್ತಿನ ಪದವೇ. ಕಥೆ ಇತಿಹಾಸಪೂರ್ವದ ಜೋಮೊನ್ ಕಾಲದ ಅವಶೇಷಗಳಿಂದ ಸುಸಾನೊ ದೇವರಿಗೆ, ಅಲ್ಲಿಂದ ಆಕಾಶದ ಕುದುರೆತಲೆ ನೀಹಾರಿಕೆಗೆ ಹಬ್ಬುತ್ತದೆ. ಕೊನೆಗೆ ಮೈತ್ರೇಯ ಬುದ್ಧ ಬರುವ ಕಾಲವೆಂದು ಜಪಾನಿನ ಬೌದ್ಧರು ಎಣಿಸುವ 567 ಕೋಟಿ ವರ್ಷಗಳ ಆಚೆಗೆ ಹುಡುಗನನ್ನು ಒಯ್ಯುತ್ತದೆ. ಕನ್ನಡದ ಓದುಗರಿಗೆ ಈ ದಾರಿ ತೀರ ಅಪರಿಚಿತವಲ್ಲ. ಜಪಾನಿನ ದಾರಿಬದಿಗಳಲ್ಲಿ ಕಲ್ಲಾಗಿ ನಿಂತಿರುವ ಕುದುರೆತಲೆಯ ಬೋಧಿಸತ್ವ ಕನ್ನೊನ್, ಸೋದೆಯಲ್ಲಿ ವಾದಿರಾಜರು ಪೂಜಿಸಿದ ಹಯಗ್ರೀವನ ದೂರದ ಬಂಧು. ವಿಶ್ವರೂಪ ಕಂಡ ಅರ್ಜುನ ನಡುಗಿ, ಹಳೆಯ ರೂಪಕ್ಕೆ ಮರಳೆಂದು ಬೇಡಿಕೊಂಡ ಅಧ್ಯಾಯವನ್ನು ಓದಿ ಬೆಳೆದವರಿಗೆ ಮೊರೊಹೊಶಿಯನ್ನು ವಿವರಿಸಲು ಲವ್‌ಕ್ರಾಫ್ಟ್ ಬೇಕಾಗಿಲ್ಲ.

ಅವರ ಗೆರೆ ಒರಟು. ಮುಖಗಳು ಸೊಟ್ಟ, ನೆರಳು ಕೆಸರಿನ ಹಾಗೆ. ಇದನ್ನು ಕೊರತೆ ಅನ್ನುವವರಿದ್ದಾರೆ. ಆಕಾರ ಇನ್ನೂ ಗಟ್ಟಿಯಾಗದ ಲೋಕವನ್ನು ಬರೆಯಲು ಅದಕ್ಕಿಂತ ಒಳ್ಳೆಯ ಗೆರೆಯನ್ನು ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿ ಅವರು ಬಹುಕಾಲ ಸಿಗಲೇ ಇಲ್ಲ. ಹೊರಗಿನವರು ಬರೆದ ಚರಿತ್ರೆಗಳಲ್ಲಿ ಅವರ ಜಾಗ ಖಾಲಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ನಮ್ಮ ತಲೆಮಾರು ಒಳಗೆ ಬಂದದ್ದು 1990ರ ದಶಕದ ಬಾಗಿಲಿನಿಂದ. ಜಪಾನಿನ ಆರ್ಥಿಕ ಗುಳ್ಳೆ ಒಡೆದಿತ್ತು. 1995ರ ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚಿನಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ. ಆ ವರ್ಷಗಳಲ್ಲೇ ಮಿನೆತಾರೊ ಮೊಚಿಜುಕಿ ‘ಡ್ರ್ಯಾಗನ್ ಹೆಡ್’ ಬರೆದರು. ಕುಸಿದ ಸುರಂಗದೊಳಗೆ ಶಿಂಕಾನ್ಸೆನ್ ರೈಲು, ಬದುಕುಳಿದ ಮೂವರು ಮಕ್ಕಳು, ಸುತ್ತ ಕತ್ತಲು. ಅವರಲ್ಲಿ ಒಬ್ಬ ಕತ್ತಲಿಗೆ ಹೆದರಿ ಹೆದರಿ ಕಡೆಗೆ ಮೈಗೆ ಬಣ್ಣ ಬಳಿದುಕೊಂಡು ಕತ್ತಲನ್ನೇ ಪೂಜಿಸತೊಡಗುತ್ತಾನೆ. 1997ರಲ್ಲಿ ಶುರುವಾದ ತ್ಸುತೊಮು ನಿಹೆಯ್ ಅವರ ‘ಬ್ಲೇಮ್!’ನಲ್ಲಿ ಮನುಷ್ಯರ ಹತೋಟಿ ಮೀರಿದ ಕಟ್ಟಡವೊಂದು ತನ್ನಷ್ಟಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಎಷ್ಟೋ ಪುಟಗಳಲ್ಲಿ ಮಾತೇ ಇಲ್ಲ.

1998ರಲ್ಲಿ ‘ಉಜುಮಾಕಿ’ ಬಂತು. ಗಿಫು ಪ್ರಾಂತ್ಯದಲ್ಲಿ 1963ರಲ್ಲಿ ಹುಟ್ಟಿದ ಇತೊ ಹಲ್ಲಿನ ಸೆಟ್ ಮಾಡುವ ತಂತ್ರಜ್ಞರಾಗಿದ್ದವರು. ಗೆರೆಯ ಮೇಲೆ ಗೆರೆ ಎಳೆಯುವ ಅವರ ತಾಳ್ಮೆಯಲ್ಲಿ ಆ ಕಸುಬಿನ ಗುರುತು ನನಗೆ ಕಾಣುತ್ತದೆ. ಒಂದು ಊರು, ಒಂದು ಆಕಾರ, ಅಷ್ಟೇ ಬಂಡವಾಳ. ಆದರೆ ಅವರನ್ನು ಅಳೆಯಲು ನಾನು ಕೈಗೆತ್ತಿಕೊಳ್ಳುವುದು ‘ಗ್ಯೊ’ ಪುಸ್ತಕದ ಕೊನೆಗಿರುವ ‘ಅಮಿಗಾರ’ ಎಂಬ ಪುಟ್ಟ ಕಥೆಯನ್ನು. ಭೂಕಂಪದಲ್ಲಿ ಬೆಟ್ಟ ಸೀಳಿ, ಬಂಡೆಯ ಮೈತುಂಬ ಮನುಷ್ಯಾಕಾರದ ತೂತುಗಳು ಕಾಣಿಸಿಕೊಳ್ಳುತ್ತವೆ. ಟೀವಿಯಲ್ಲಿ ನೋಡಿದವರು ದೂರದೂರದಿಂದ ಬರುತ್ತಾರೆ. ಒಬ್ಬ ತೂತಿನ ಮುಂದೆ ನಿಂತು, ಇದು ತನಗಾಗಿಯೇ ಕೊರೆದದ್ದು ಅನ್ನುತ್ತಾನೆ. ಬಟ್ಟೆ ಬಿಚ್ಚುತ್ತಾನೆ, ಒಳಗೆ ಸರಿಯುತ್ತಾನೆ. ಕೈಕಾಲು, ಭುಜ, ಬೆರಳು ಎಲ್ಲ ಅಳತೆಗೆ ಸರಿಯಾಗಿ ಕೂರುತ್ತವೆ. ಮುಂದಕ್ಕೆ ಮಾತ್ರ ಸರಿಯಬಹುದು, ಹಿಂದಕ್ಕೆ ಬರುವಂತಿಲ್ಲ. ಯಾರೂ ಅವನನ್ನು ತಳ್ಳಲಿಲ್ಲ. ಮೊರೊಹೊಶಿಯ ಗೋಡೆಯ ಮುಖಗಳನ್ನು ನೋಡಿದ್ದವರಿಗೆ ಈ ಬಂಡೆ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಈ ಶತಮಾನದ ಕೆಲಸದಲ್ಲಿ ಗೊ ತನಾಬೆಯನ್ನು ಹೆಸರಿಸಲೇಬೇಕು. ಲವ್‌ಕ್ರಾಫ್ಟ್‌ರ ‘ಹುಚ್ಚಿನ ಬೆಟ್ಟಗಳು’ ಮೊದಲಾದ ಕೃತಿಗಳನ್ನು ಅವರು ಒಂದೊಂದಾಗಿ ಮಾಂಗಾಕ್ಕೆ ತಂದಿದ್ದಾರೆ. ಹಿಮ, ಬಂಡೆ, ಕತ್ತಲಿನ ಮೇಲೆ ಅವರ ಹಿಡಿತ ಅಸಾಧಾರಣ. ಮೂಲಕ್ಕೆ ಅವರು ತೋರುವ ನಿಷ್ಠೆ ನನಗೆ ಸ್ವಲ್ಪ ಹೆಚ್ಚೇ ಅನ್ನಿಸುತ್ತದೆ. ಮಿಜುಕಿ ಅರವತ್ತರ ದಶಕದಲ್ಲೇ ಕಥೆಯನ್ನು ತಮ್ಮ ನೆಲಕ್ಕೆ ಇಳಿಸಿದ್ದರು.

ಈ ಚರಿತ್ರೆಯಲ್ಲಿ ಇನ್ನೂ ಯಾರೂ ಸರಿಯಾಗಿ ಬರೆಯದ ಭಾಗವೊಂದಿದೆ, ಹುಡುಗಿಯರ ಪತ್ರಿಕೆಗಳದ್ದು. ಉಮೆಜು ಅರವತ್ತರ ದಶಕದಲ್ಲಿ ಹಾವಾಗುವ ಅಮ್ಮನ ಕಥೆ ಬರೆದದ್ದು ಹುಡುಗಿಯರ ವಾರಪತ್ರಿಕೆಯಲ್ಲಿ. ರಿಯೊಕೊ ಯಮಗಿಶಿ, ಕನಕೊ ಇನುಕಿ ಮುಂತಾದ ಲೇಖಕಿಯರು ಭಯವನ್ನು ಮನೆಯೊಳಗೆ, ಮೈಯೊಳಗೆ ಹುಡುಕಿದ್ದು ಅಂಥ ಓದುಗರಿಗಾಗಿ. ಇತೊ ಅವರ ಮೊದಲ ಕಥೆ ‘ತೊಮಿಯೆ’ಯನ್ನು 1987ರಲ್ಲಿ ಪ್ರಕಟಿಸಿದ ‘ಹ್ಯಾಲೋವೀನ್’ ಕೂಡ ಹುಡುಗಿಯರ ಮಾಸಪತ್ರಿಕೆಯೇ. ಚಿಕ್ಕಂದಿನಲ್ಲಿ ಅವರಿಗೆ ಉಮೆಜು ಸಿಕ್ಕಿದ್ದು ಅಕ್ಕಂದಿರು ಓದುತ್ತಿದ್ದ ಪತ್ರಿಕೆಗಳಲ್ಲಿ. ತಮ್ಮನ ಹೆಸರು ಎಲ್ಲರಿಗೂ ಗೊತ್ತು. ಅಕ್ಕಂದಿರು ಆ ಪುಟಗಳಲ್ಲಿ ಇನ್ನು ಯಾರು ಯಾರನ್ನು ಓದಿದರು, ಯಾವುದಕ್ಕೆ ಹೆದರಿದರು ಅಂತ ಕೇಳಿದವರು ಕಡಿಮೆ.