ನಿಧಿಯ ಹಡಗೇರಿದ ಹೆಣ್ಣು

ಹೊಸ ವರ್ಷದ ಎರಡನೆಯ ರಾತ್ರಿ ಒಂದು ಅಚ್ಚಿನ ಚಿತ್ರವನ್ನು ದಿಂಬಿನ ಕೆಳಗಿಟ್ಟು ಮಲಗುವುದು ಜಪಾನೀಯರ ಹಳೆಯ ರೂಢಿ. ಅಂದು ಒಳ್ಳೆಯ ಕನಸು ಬಿದ್ದರೆ ವರ್ಷವೆಲ್ಲ ಒಳ್ಳೆಯದೆಂಬ ನಂಬಿಕೆ. ಚಿತ್ರದಲ್ಲಿರುವುದು ನಿಧಿ ತುಂಬಿದ ಹಡಗು. ಅದರಲ್ಲಿ ಏಳು ಅದೃಷ್ಟ ದೇವತೆಗಳು. ಸಾಮಾನ್ಯವಾಗಿ ಈ ಏಳರಲ್ಲಿ ಹೆಣ್ಣು ಒಬ್ಬಳೇ, ಬೆಂಜೈತೆನ್. ಆಕೆ ನಮ್ಮ ಸರಸ್ವತಿಯೇ. ಬೌದ್ಧ ಸೂತ್ರಗಳ ಜೊತೆ ಚೀನಾ ದಾಟಿ ಹೋದವಳು. ಅಲ್ಲಿ ಆಕೆಯ ಕೈಗೆ ಬಿವಾ ಎಂಬ ತಂತಿವಾದ್ಯ ಬಂತು. ನೀರಿನ ನಂಟು ಮಾತ್ರ ತಪ್ಪಲಿಲ್ಲ. ಎನೊಶಿಮಾ, ಚಿಕುಬುಶಿಮಾ ದ್ವೀಪಗಳಲ್ಲಿ ಇಂದಿಗೂ ಆಕೆಯ ಗುಡಿಗಳಿವೆ.

ದೇವಿಗೆ ಸಿಕ್ಕ ಗೌರವ ಹೆಣ್ಣಿಗೂ ಸಿಕ್ಕಿತೇ? ಇಲ್ಲ. ಸೂರ್ಯನನ್ನೇ ಅಮತೆರಾಸು ಎಂಬ ದೇವಿಯೆಂದು ನಂಬಿದ ಆ ನಾಡಿನಲ್ಲಿ ಎಷ್ಟೋ ಪವಿತ್ರ ಬೆಟ್ಟಗಳನ್ನು ಹೆಂಗಸರು ಹತ್ತುವಂತಿರಲಿಲ್ಲ. 1872ರಲ್ಲಿ ಸರ್ಕಾರ ಈ ನಿಷೇಧವನ್ನು ರದ್ದು ಮಾಡಿದರೂ ನಾರಾ ಪ್ರಾಂತ್ಯದ ಓಮಿನೆ ಬೆಟ್ಟದಲ್ಲಿ ಅದು ರೂಢಿಯಾಗಿ ಈಗಲೂ ಉಳಿದಿದೆ. ಚಿತ್ರಕಲೆಯ ಕಥೆಯೂ ಬೇರೆಯಲ್ಲ. ಎದೋ ಕಾಲದ (1603-1868) ಮರದಚ್ಚಿನ ಚಿತ್ರಗಳಲ್ಲಿ ಹೆಣ್ಣಿನ ಚೆಲುವಿಗೆ ಬರವಿರಲಿಲ್ಲ. ಆದರೆ ಉತಾಮಾರೊನಂಥ ದೊಡ್ಡ ಕಲಾವಿದ ಬರೆದ ಸುಂದರಿಯರಲ್ಲಿ ಬಹಳ ಮಂದಿ ಯೋಶಿವಾರಾ ಎಂಬ ವೇಶ್ಯಾಕೇರಿಯವರು.

ಈ ಪರಂಪರೆಗೆ ಉತ್ತರ ಕೊಟ್ಟವರಲ್ಲಿ ಮಾಯುಮಿ ಓದಾ ಒಬ್ಬರು. 1941ರಲ್ಲಿ ಟೋಕಿಯೋ ಬಳಿಯ ಬೌದ್ಧ ಕುಟುಂಬದಲ್ಲಿ ಹುಟ್ಟಿ, ಕಲೆ ಕಲಿತು, ಅಮೆರಿಕದಲ್ಲಿ ನೆಲೆಸಿದವರು. ಅವರು ಆರಿಸಿಕೊಂಡದ್ದು ಸ್ಕ್ರೀನ್ ಪ್ರಿಂಟ್. ನಮ್ಮೂರುಗಳಲ್ಲಿ ಮದುವೆ ಕಾರ್ಡು ಅಚ್ಚು ಹಾಕಿದ ಅದೇ ವಿಧಾನ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಒಂದೊಂದೇ ಬಣ್ಣವನ್ನು ಕಾಗದಕ್ಕೆ ಇಳಿಸಬೇಕು. ಹಾಗೆ ಇಳಿಸುತ್ತಲೇ ಅವರು ಗಂಡು ದೇವರುಗಳನ್ನು ಹೆಣ್ಣಾಗಿಸಿದರು. ನಿಧಿಯ ಹಡಗು ದೇವಿಯ ವಶವಾಯಿತು. ಪ್ರಜ್ಞೆಯ ಬೋಧಿಸತ್ವನಾದ ಮಂಜುಶ್ರೀ ಸೈಕಲ್ ತುಳಿಯುವ ಹೆಣ್ಣಾಗಿ ಬಂದ. ಇವರು ಮೈ ತುಂಬಿಕೊಂಡ, ನಗುವ, ಯಾರ ನೋಟಕ್ಕೂ ಕಾಯದ ಹೆಂಗಸರು.

ಇದು ಪರಂಪರೆಗೆ ಮಾಡಿದ ಅಪಚಾರವೆನ್ನುವವರು ಅವಲೋಕಿತೇಶ್ವರನನ್ನು ನೆನೆಯಬೇಕು. ಭಾರತದಲ್ಲಿ ಗಂಡಾಗಿದ್ದ ಆತ ಚೀನಾದಲ್ಲಿ ತಾಯಿಯ ರೂಪ ತಾಳಿದ. ಜಪಾನಿನಲ್ಲೂ ಕನ್ನೊನ್ ಎಂಬ ಹೆಸರಿನಲ್ಲಿ ಅನೇಕರಿಗೆ ಕರುಣೆಯ ತಾಯಿಯಾದ. ಗಡಿ ದಾಟಿದ ದೇವರು ಅಲ್ಲಿನವರ ಅಗತ್ಯಕ್ಕೆ ತಕ್ಕಂತೆ ರೂಪ ಬದಲಿಸುವುದು ಹೊಸದಲ್ಲ.

ಆದರೆ ದೇವಿ ಚಿತ್ರದಲ್ಲೇ ಉಳಿದರೆ ಗೋಡೆಯ ಅಲಂಕಾರವಷ್ಟೆ. 1992ರ ನವೆಂಬರಿನಲ್ಲಿ ಇನ್ನೊಂದು ಹಡಗು ಫ್ರಾನ್ಸಿನಿಂದ ಜಪಾನಿಗೆ ಹೊರಟಿತು. ಅದರ ಹೆಸರು ಅಕತ್ಸುಕಿ ಮಾರು. ಅದರಲ್ಲಿದ್ದ ನಿಧಿ ಒಂದು ಟನ್ನಿಗೂ ಮಿಕ್ಕಿದ ಪ್ಲುಟೋನಿಯಂ! ಹಿರೋಶಿಮಾ, ನಾಗಾಸಾಕಿ ಉರಿದಾಗ ನಾಲ್ಕು ವರ್ಷದ ಮಗುವಾಗಿದ್ದ ಓದಾ ಈಗ ಆ ಹಡಗಿನ ವಿರುದ್ಧ ಚಳವಳಿಗಿಳಿದರು. 1993ರ ಜನವರಿಯಲ್ಲಿ ಹಡಗು ಜಪಾನ್ ಮುಟ್ಟಿತು. ಅವರ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. 2020ರಲ್ಲಿ ಹೊರಬಂದ ಅವರ ಆತ್ಮಕಥೆಯ ಹೆಸರಿನ ಅರ್ಥ 'ಸರಸ್ವತಿಯ ಕಾಣಿಕೆ'.

ದೇವಿಯನ್ನು ದಿಂಬಿನ ಕೆಳಗಿಟ್ಟು ನಿದ್ರಿಸುವುದು ಸುಲಭ. ಆಕೆಯನ್ನು ಅಲ್ಲಿಂದೆಬ್ಬಿಸಿ ಬೀದಿಗೆ ಕರೆತಂದದ್ದು ಈ ಹೆಣ್ಣುಮಗಳ ಸಾಧನೆ.