ತಲೆ ಬೆಲೆ: ಥಾಯ್ಲೆಂಡಿನ ಮೀನು ಬೋಟುಗಳ ಜೀತ ಬಯಲಿಗೆ ಬಂದ ಕತೆ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಸಂವಿಧಾನದ 23ನೇ ವಿಧಿಯನ್ನ ಒಂದ್ಸಲ ತೆಗೆದು ನೋಡಿ. ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ, ಬಲವಂತದ ದುಡಿಮೆ, ಈ ಮೂರನ್ನೂ ಒಂದೇ ವಾಕ್ಯದಲ್ಲಿ ನಿಷೇಧ ಮಾಡಿದ್ದಾರೆ. ಮಹಾರ್ ವತನದ ಬಿಟ್ಟಿ ಚಾಕರಿ ವಿರುದ್ಧ 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದ ಬಾಬಾಸಾಹೇಬರು ಕರಡು ಸಮಿತಿ ಅಧ್ಯಕ್ಷರಾಗಿದ್ದ ಸಂವಿಧಾನ ಅದು. ಈ ಮೂರೂ ಬೇರೆ ಬೇರೆ ರೋಗ ಅಲ್ಲ ಅನ್ನೋದು ಆ ಒಂದು ವಾಕ್ಯದಲ್ಲೇ ಇದೆ. ಆದರೆ ಈಗ ಮಾನವ ಸಾಗಾಣಿಕೆ ಅಂದ ಕೂಡಲೇ ನಮ್ಮವರಿಗೂ ನೆನಪಾಗೋದು ಹೆಣ್ಣುಮಕ್ಕಳನ್ನ ಮುಂಬೈಗೆ ಮಾರೋದು ಮಾತ್ರ. ಗಟ್ಟಿಮುಟ್ಟಾದ ಗಂಡಸರನ್ನ ಮಾರಿದ, ಅದೂ ಸಮುದ್ರದ ಮೇಲೆ ವರ್ಷಗಟ್ಟಲೆ ಇಟ್ಟುಕೊಂಡ ಚರಿತ್ರೆ ಇದೆ. ಅದು ನಡೆದದ್ದು ಹಳೇ ಕಾಲದಲ್ಲಲ್ಲ, ನಾವು ನೀವು ಮೊಬೈಲ್ ಹಿಡಿದ ಮೇಲೆ.

ಥಾಯ್ಲೆಂಡಿನಿಂದ ಶುರು ಮಾಡ್ತೀನಿ. 1960ರ ದಶಕದ ಮೊದಲಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಅಲ್ಲಿಗೆ ಟ್ರಾಲ್ ಬಲೆ ಬಂತು. ನಮ್ಮ ಕೇರಳಕ್ಕೆ ನಾರ್ವೆಯವರು ಬಂದರಲ್ಲ, ಹೆಚ್ಚುಕಮ್ಮಿ ಅದೇ ಥರ. ಆಗ ಥಾಯ್ಲೆಂಡ್ ಕೊಲ್ಲಿಯಲ್ಲಿ ಒಂದು ಗಂಟೆ ಬಲೆ ಎಳೆದರೆ ಸುಮಾರು 300 ಕೆಜಿ ಮೀನು ಸಿಗ್ತಿತ್ತು. 1980ರ ದಶಕ ಮುಗಿಯೋ ಹೊತ್ತಿಗೆ 50 ಕೆಜಿಯೂ ಸಿಗದ ಹಾಗಾಯ್ತು. ತಳ ಗುಡಿಸಿ ಹಾಕಿದ್ದರು. ಹತ್ತಿರ ಮೀನಿಲ್ಲ ಅಂದ ಮೇಲೆ ಬೋಟುಗಳು ದೂರ ಹೋಗಬೇಕಾಯ್ತು, ಇಂಡೋನೇಷ್ಯಾ ಕಡಲಿನವರೆಗೂ. ದೂರ ಹೋದರೆ ಡೀಸೆಲ್ ಖರ್ಚು ಜಾಸ್ತಿ. ಮಾಲೀಕ ಡೀಸೆಲ್ ಬೆಲೆ ಇಳಿಸಕ್ಕಾಗಲ್ಲ. ಇಳಿಸಬಹುದಾದ್ದು ಒಂದೇ, ಕೂಲಿ.

ಅದುವರೆಗೆ ಆ ಬೋಟುಗಳಲ್ಲಿ ದುಡೀತಿದ್ದವರು ಹೆಚ್ಚಾಗಿ ಇಸಾನ್ ಅನ್ನೋ ಈಶಾನ್ಯ ಭಾಗದ ಬಡ ಥಾಯ್ ರೈತರ ಮಕ್ಕಳು. 1989ರ ನವೆಂಬರ್‌ನಲ್ಲಿ ಗೇ ಅನ್ನೋ ಚಂಡಮಾರುತ ಬಡೀತು. 200ಕ್ಕೂ ಹೆಚ್ಚು ಮೀನು ಬೋಟು ಮುಳುಗಿದವು, ನೂರಾರು ಮೀನುಗಾರರು ಸತ್ತರು. ಆಮೇಲೆ ಇಸಾನಿನ ಹುಡುಗರು ಸಮುದ್ರದ ಕಡೆ ಬರೋದು ಕಡಿಮೆಯಾಯ್ತು. ಬ್ಯಾಂಕಾಕಿನಲ್ಲಿ ಕಾರ್ಖಾನೆ ಕೆಲಸವೂ ಸಿಗ್ತಿತ್ತು. ಅದೇ ಹೊತ್ತಿಗೆ ಪಕ್ಕದ ಬರ್ಮಾದಲ್ಲಿ 1988ರ ದಂಗೆಯನ್ನ ಮಿಲಿಟರಿ ತುಳಿದು ಹಾಕಿತ್ತು, ಜನ ಗಡಿ ದಾಟಿ ಬರ್ತಿದ್ದರು. ಕಾಂಬೋಡಿಯಾ ಯುದ್ಧದಿಂದ ಈಗಷ್ಟೇ ಏಳ್ತಿತ್ತು. ಖಾಲಿಯಾದ ಬೋಟುಗಳನ್ನ ತುಂಬಿದವರು ಇವರು. ಅಲ್ಲಿ ನಮ್ಮ ಥರ ಜಾತಿ ಇಲ್ಲ, ಒಪ್ಪಿದೆ. ಆದರೆ ಯಾರೂ ಮಾಡದ ಕೆಲಸ ಯಾರ ತಲೆಗೆ ಬೀಳ್ತದೆ ಅನ್ನೋ ನಿಯಮ ಮಾತ್ರ ನಮ್ಮ ಊರಿನದ್ದೇ.

ಕೆಲಸ ಹೇಗೆ ನಡೀತಿತ್ತು ನೋಡಿ. ಗಡಿ ಊರಲ್ಲಿ ದಲ್ಲಾಳಿ ಸಿಗ್ತಾನೆ. ಕಾರ್ಖಾನೆ ಕೆಲಸ, ತಿಂಗಳಿಗೆ ಇಷ್ಟು ಸಂಬಳ ಅಂತಾನೆ. ಈಗ ದುಡ್ಡು ಕೊಡಬೇಕಿಲ್ಲ, ದುಡಿದು ತೀರಿಸು ಅಂತಾನೆ. ರಾತ್ರಿ ಗಾಡಿಯಲ್ಲಿ ಕೂರಿಸಿ ಬಂದರಿಗೆ ತಂದು ಬೋಟಿನವನಿಗೆ ಒಪ್ಪಿಸಿ ದುಡ್ಡು ಎಣಿಸಿಕೊಳ್ತಾನೆ. ಆ ದುಡ್ಡಿಗೆ ಥಾಯ್ ಭಾಷೆಯಲ್ಲಿ ‘ಕಾ ಹುವಾ’ ಅಂತಾರೆ. ಅಂದ್ರೆ ತಲೆ ಬೆಲೆ. ಮಾರಿದವನು ಆ ದುಡ್ಡು ತಗೊಂಡು ಹೋದ, ಸಾಲ ಮಾತ್ರ ಮಾರಿಸಿಕೊಂಡವನ ತಲೆ ಮೇಲೆ ಕೂತಿತು!

ನಮ್ಮ ತಾತ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದವರು. ಸಾಲ ಎಷ್ಟು ತೀರಿತು ಅಂತ ಅವರಿಗೆ ಕೊನೆವರೆಗೂ ಗೊತ್ತಿರಲಿಲ್ಲ, ಯಾಕಂದ್ರೆ ಲೆಕ್ಕ ಧಣಿಯ ಪುಸ್ತಕದಲ್ಲಿತ್ತು, ತಾತನಿಗೆ ಅಕ್ಷರ ಇರಲಿಲ್ಲ. ಬೋಟಿನಲ್ಲೂ ಅಷ್ಟೇ. ಲೆಕ್ಕ ಕ್ಯಾಪ್ಟನ್ ಹತ್ತಿರ, ನಮ್ಮ ಕರಾವಳಿಯಲ್ಲಿ ತಾಂಡೇಲ ಅಂತಾರಲ್ಲ ಅವನ ಹತ್ತಿರ. ದಿನಕ್ಕೆ 18–20 ಗಂಟೆ ದುಡಿಮೆ. ಆದರೆ ಒಂದು ವ್ಯತ್ಯಾಸ ಇದೆ. ತಾತ ರಾತ್ರಿ ಕೇರಿಗೆ ಬಂದು ಮಲಗ್ತಿದ್ದರು. ಇವರಿಗೆ ನೆಲವೇ ಇಲ್ಲ. ದೊಡ್ಡ ಹಡಗೊಂದು ನಡುಗಡಲಿಗೇ ಬಂದು ಮೀನು ತುಂಬಿಕೊಂಡು, ಡೀಸೆಲ್, ಅಕ್ಕಿ ಇಳಿಸಿ ಹೋಗ್ತದೆ. ಹಾಗಾಗಿ ಬೋಟು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ, ದಡ ಮುಟ್ಟಬೇಕಾಗೇ ಇಲ್ಲ. ಬೇಡಿ ಸರಪಳಿ ಯಾಕೆ ಬೇಕು?

ಕಾನೂನು ಇರಲಿಲ್ವಾ ಅಂತೀರಾ. ಇತ್ತು. 1998ರ ಥಾಯ್ ಕಾರ್ಮಿಕ ಇಲಾಖೆಯ ನಿಯಮ ಸಮುದ್ರ ಮೀನುಗಾರಿಕೆಗೇ ಮಾಡಿದ್ದು. ಆದರೆ 20ಕ್ಕಿಂತ ಕಡಿಮೆ ಜನ ಇರೋ ಬೋಟಿಗೆ ಅದು ಅನ್ವಯಿಸ್ತಿರಲಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಥಾಯ್ ಕಡಲಿನ ಹೊರಗಿರೋ ಬೋಟಿಗೂ ಅನ್ವಯಿಸ್ತಿರಲಿಲ್ಲ. ಓದಿ ನಕ್ಕುಬಿಟ್ಟೆ. ಎಷ್ಟು ಹೆಚ್ಚು ದಿನ ಕೂಡಿಹಾಕ್ತಾನೋ ಅಷ್ಟು ಕಾನೂನಿನಿಂದ ಪಾರು! ಕಚೇರಿಯಲ್ಲಿ ಸುತ್ತೋಲೆ ಓದಿ ಓದಿ ಅಭ್ಯಾಸ ಇರೋರಿಗೆ ಗೊತ್ತು, ಇಂಥ ಸಾಲು ಕಣ್ತಪ್ಪಿ ಬರೋದಿಲ್ಲ.

2006ರಲ್ಲಿ ಬ್ಯಾಂಕಾಕ್ ಹತ್ತಿರದ ಸಮುತ್ ಸಾಖೋನ್ ಬಂದರಿಗೆ ಆರು ಬೋಟು ಇಂಡೋನೇಷ್ಯಾ ಕಡಲಿನಿಂದ ವಾಪಸ್ ಬಂದವು. 39 ಜನ ದಾರಿಯಲ್ಲೇ ಸತ್ತಿದ್ದರು. ಊಟ ಇಲ್ಲ, ತರಕಾರಿ ಇಲ್ಲ, ವಿಟಮಿನ್ ಕೊರತೆ. ಹೆಣಗಳು ಸಮುದ್ರಕ್ಕೆ. ಆ ಊರಿನಲ್ಲೇ 2004ರಲ್ಲಿ ಶುರುವಾಗಿದ್ದ ಎಲ್‌ಪಿಎನ್ ಅನ್ನೋ ಕಾರ್ಮಿಕ ಹಕ್ಕುಗಳ ಸಂಘಟನೆ ಬದುಕಿ ಬಂದವರ ಹೇಳಿಕೆ ಬರೆದುಕೊಳ್ತು.

ನಾನು ಇವತ್ತು ಹೇಳಬೇಕು ಅಂತಿರೋದು ಇದನ್ನೇ, ಈ ಬರೆದುಕೊಂಡವರ ಬಗ್ಗೆ. ಏಟು ತಿಂದವನ ಕತೆ ಎಲ್ಲರೂ ಹೇಳ್ತಾರೆ, ಲೆಕ್ಕ ಇಟ್ಟವರನ್ನ ಯಾರೂ ನೆನೆಸಲ್ಲ. ಬೋಟು ಹತ್ತಿ ಸರ್ವೆ ಮಾಡಕ್ಕಾಗಲ್ಲ. ಹಾಗಾಗಿ ತಪ್ಪಿಸಿಕೊಂಡು ಊರು ಸೇರಿದವರನ್ನ ಹುಡುಕಿದರು. 2009ರಲ್ಲಿ ವಿಶ್ವಸಂಸ್ಥೆಯ ಮಾನವ ಸಾಗಾಣಿಕೆ ತಡೆ ಯೋಜನೆಯವರು ಥಾಯ್ ಬೋಟುಗಳಿಗೆ ಮಾರಾಟವಾಗಿದ್ದ ಕಾಂಬೋಡಿಯಾದ 49 ಗಂಡಸರು, ಹುಡುಗರನ್ನ ಕೂರಿಸಿ ಕೇಳಿದರು. 29 ಜನ ಹೇಳಿದ್ದು: ಕ್ಯಾಪ್ಟನ್ ನಮ್ಮ ಕಣ್ಣೆದುರೇ ಒಬ್ಬನನ್ನ ಕೊಂದ. 49ಕ್ಕೆ 29. ಈ ಅಂಕಿ ಬರೋವರೆಗೆ ‘ಅಲ್ಲೊಂದು ಇಲ್ಲೊಂದು ಘಟನೆ’ ಅನ್ನೋ ಮಾತು ನಡೀತಿತ್ತು. ಅಟ್ರಾಸಿಟಿ ಕೇಸಿನಲ್ಲಿ ನಾವು ದಿನಾ ಕೇಳೋ ಮಾತು ಅದೇ ತಾನೆ?

ಆಮೇಲೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದ್ರೆ ಐಎಲ್‌ಒ, ಮತ್ತು ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದವರು ಸೇರಿ ನಾಲ್ಕು ಬಂದರು ಪ್ರದೇಶಗಳಲ್ಲಿ 596 ಜನರನ್ನ ಮಾತಾಡಿಸಿದರು. ವರದಿ 2013ರಲ್ಲಿ ಬಂತು. ಸುಮಾರು ಶೇ. 17ರಷ್ಟು ಜನ ಬಲವಂತದ ದುಡಿಮೆಯಲ್ಲಿದ್ದರು. ನೂರಕ್ಕೆ 94 ಮಂದಿಗೆ ಬರಹದ ಕರಾರು ಇರಲಿಲ್ಲ. ಒಂದು ವಿಷಯ ಮರೀಬೇಡಿ, ಇವರೆಲ್ಲ ದಡಕ್ಕೆ ಬಂದಿದ್ದವರು. ದಡಕ್ಕೇ ಬರದವರು ಯಾವ ಶೇಕಡಾದಲ್ಲೂ ಇಲ್ಲ.

ಆ ಬರದವರನ್ನ ಹುಡುಕಿಕೊಂಡು ಹೋದದ್ದು ಎಲ್‌ಪಿಎನ್‌ನ ಪತಿಮಾ ತುಂಗ್‌ಪುಚಾಯಕುಲ್ ಮತ್ತು ಅವರ ಸಂಗಾತಿಗಳು. 2014ರಿಂದ ಇಂಡೋನೇಷ್ಯಾದ ದೂರದ ದ್ವೀಪಗಳಿಗೆ ಹೋಗಿ, ಬೋಟಿನಿಂದ ಹಾರಿ ಕಾಡು ಸೇರಿದವರನ್ನ, ಅಲ್ಲೇ ಮದುವೆಯಾಗಿ ಉಳಿದವರನ್ನ ಪತ್ತೆ ಮಾಡಿದರು. ಗೋರಿಗಳನ್ನೂ ನೋಡಿದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ನಾಲ್ವರು ಮಹಿಳಾ ಪತ್ರಕರ್ತರ ತಂಡದವರು ಬೆಂಜಿನಾ ಅನ್ನೋ ಊರಿಗೆ ಹೋದರು. ಅಲ್ಲಿ ಕಂಪನಿ ಆವರಣದಲ್ಲೇ ಒಂದು ಗೂಡು, ಒಳಗೆ ಮನುಷ್ಯರು. ನಾಲ್ವರಲ್ಲಿ ಒಬ್ಬರು ಎಸ್ತರ್ ಟುಸಾನ್, ಬರ್ಮಾದವರೇ. ಗೂಡಿನೊಳಗಿದ್ದವರು ಬಾಯಿಬಿಡಕ್ಕೆ ಅವರ ಭಾಷೆ ಬಲ್ಲವರು ಬೇಕಿತ್ತು. ಸರ್ವೆಗೆ ಹೋಗೋ ನಮ್ಮ ಹುಡುಗರು ಇದನ್ನ ಗಮನಿಸಬೇಕು. ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು. ಫೋಟೋದಲ್ಲಿ, ವರದಿಯಲ್ಲಿ ಗುರುತು ಸಿಗೋ ಹಾಗಿದ್ದವರನ್ನ ಅಲ್ಲಿಂದ ಸುರಕ್ಷಿತವಾಗಿ ಹೊರಗೆ ತರಿಸಿದ ಮೇಲಷ್ಟೇ, 2015ರ ಮಾರ್ಚ್‌ನಲ್ಲಿ ಸುದ್ದಿ ಹಾಕಿದರು. ನಮ್ಮಲ್ಲಿ ಕೆಲವರು ಏಟು ತಿಂದವರ ವಿಡಿಯೋವನ್ನ ಮೊದಲು ಅಪ್‌ಲೋಡ್ ಮಾಡಿ ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರೆ.

ಏಪ್ರಿಲ್ 3ಕ್ಕೆ ಇಂಡೋನೇಷ್ಯಾ ಅಧಿಕಾರಿಗಳು ಬೆಂಜಿನಾಗೆ ಬಂದರು. ಯಾರ್ಯಾರು ಹೋಗ್ತೀರಿ ಅಂತ ಕೇಳಿದರು. ಜನ ಬೋಟುಗಳಿಗೆ ಓಡಿ ಚೀಲ ತಗೊಂಡು ಬಂದು ನಿಂತರು. ಅವತ್ತು 300ಕ್ಕೂ ಹೆಚ್ಚು ಮಂದಿ ಅಲ್ಲಿಂದ ಹೊರಟರು. ಒಟ್ಟು ಬಿಡುಗಡೆಯಾದವರು 2 ಸಾವಿರಕ್ಕೂ ಹೆಚ್ಚು. ವರದಿಗೆ 2016ರಲ್ಲಿ ಪುಲಿಟ್ಜರ್ ಬಂತು.

ಸತ್ತವರು ಮಾತ್ರ ಅಲ್ಲೇ ಉಳಿದರು. ಬೆಂಜಿನಾದಲ್ಲಿ 60ಕ್ಕೂ ಹೆಚ್ಚು ಗೋರಿಗಳಿವೆ. ಹುಡುಗರನ್ನ ಬೋಟಿಗೆ ಹತ್ತಿಸುವಾಗ ಸುಳ್ಳು ಥಾಯ್ ಹೆಸರಿನ ನಾವಿಕ ಪುಸ್ತಕ ಮಾಡಿಸ್ತಿದ್ದರು. ಸತ್ತಾಗ ಗೋರಿ ಮೇಲೆ ಬರೆದದ್ದು ಆ ಸುಳ್ಳು ಹೆಸರನ್ನೇ. ಬರ್ಮಾದ ತಾಯಿಯೊಬ್ಬಳು ಅಲ್ಲಿವರೆಗೂ ಬಂದು ನಿಂತರೂ ಮಗ ಯಾವ ಗೋರಿಯಲ್ಲಿದ್ದಾನೆ ಅಂತ ತಿಳಿಯಲ್ಲ. ದಿನವಿಡೀ ಹೆಸರು, ತಂದೆ ಹೆಸರು, ಊರು ಬರೆಯೋದೇ ನನ್ನ ಕೆಲಸ. ಇದನ್ನ ಓದಿದ ಮೇಲೆ ಎರಡು ದಿನ ಆ ಕಾಲಂಗಳನ್ನ ತುಂಬುವಾಗ ಕೈ ತಡೀತಿತ್ತು.

ಆಮೇಲೆ ಬದಲಾವಣೆ ಆಯ್ತು, ಆಗಿಲ್ಲ ಅನ್ನಲ್ಲ. 2015ರ ಏಪ್ರಿಲ್‌ನಲ್ಲಿ ಯುರೋಪಿನ ಒಕ್ಕೂಟ ಥಾಯ್ ಮೀನಿಗೆ ಹಳದಿ ಕಾರ್ಡ್ ತೋರಿಸಿತು. ಮಾರುಕಟ್ಟೆ ಹೋಗ್ತದೆ ಅಂದ ಕೂಡಲೇ ಸರ್ಕಾರಕ್ಕೆ ಎಚ್ಚರ ಆಯ್ತು (39 ಹೆಣಕ್ಕೆ ಆಗಿರಲಿಲ್ಲ). ಹೊಸ ಕಾನೂನು, ಬಂದರಲ್ಲಿ ತಪಾಸಣೆ ಕೇಂದ್ರ, ಬ್ಯಾಂಕ್ ಖಾತೆಗೆ ಸಂಬಳ. 2019ರ ಜನವರಿಯಲ್ಲಿ ಐಎಲ್‌ಒದ ಮೀನುಗಾರಿಕೆ ದುಡಿಮೆ ಒಪ್ಪಂದವನ್ನ ಅನುಮೋದಿಸಿದ ಏಷ್ಯಾದ ಮೊದಲ ದೇಶವೂ ಆಯ್ತು. ಆದರೆ 2018ರ ಹ್ಯೂಮನ್ ರೈಟ್ಸ್ ವಾಚ್ ವರದಿ ನೋಡಿದರೆ, ತಪಾಸಣೆಯವರು ಕಾರ್ಮಿಕರನ್ನ ಸಾಲಾಗಿ ನಿಲ್ಲಿಸಿ ಕಾಗದ ತಾಳೆ ನೋಡ್ತಾರೆ, ಮಾತಾಡಿಸೋದು ಅಪರೂಪ. ವಲಸಿಗರು ತಮ್ಮದೇ ಯೂನಿಯನ್ ಕಟ್ಟೋ ಹಾಗಿಲ್ಲ, 1975ರ ಕಾನೂನು ಬಿಡಲ್ಲ. ದಾಖಲೆ ಸರಿ ಇದ್ದು ಮನುಷ್ಯ ಸರಿ ಇಲ್ಲದಿರೋದು ಹೇಗೆ ಅಂತ ಸರ್ಕಾರಿ ನೌಕರರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿಗೆ ಬರೋಣ. 1976ರ ಜೀತ ರದ್ದತಿ ಕಾಯ್ದೆ ಬಂದ ಎರಡು ಮೂರು ವರ್ಷಕ್ಕೆ ಗಾಂಧಿ ಶಾಂತಿ ಪ್ರತಿಷ್ಠಾನ ಸರ್ವೆ ಮಾಡಿ 10 ರಾಜ್ಯಗಳಲ್ಲಿ ಸುಮಾರು 26 ಲಕ್ಷ ಜೀತದಾಳುಗಳಿದ್ದಾರೆ ಅಂತ ಅಂದಾಜು ಮಾಡಿತು. ಶೇ. 61ಕ್ಕೂ ಹೆಚ್ಚು ಪರಿಶಿಷ್ಟ ಜಾತಿಯವರು, ಶೇ. 25ರಷ್ಟು ಪರಿಶಿಷ್ಟ ಪಂಗಡದವರು. ಸರ್ಕಾರಗಳು ಒಪ್ಪಿದ್ದು ಅದರಲ್ಲಿ ಸಣ್ಣ ಪಾಲು. ಇವತ್ತು ನಮ್ಮ ಕರಾವಳಿ ಬಂದರುಗಳಲ್ಲಿ ಮೀನು ಹೊರೋರು, ಆಯೋರು, ಬೋಟಿನಲ್ಲಿ ದುಡಿಯೋರು ಎಲ್ಲಿಂದ ಬಂದವರು? ಒಡಿಶಾ, ಆಂಧ್ರ, ಜಾರ್ಖಂಡ್, ನಮ್ಮದೇ ಉತ್ತರ ಕರ್ನಾಟಕ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಗುಂಡಿಯಲ್ಲಿ ವಿಷಗಾಳಿಗೆ ಐವರು ಸತ್ತರು, ಐವರೂ ಪಶ್ಚಿಮ ಬಂಗಾಳದವರು. 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳು ಅಂತ ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳನ್ನ ಮರಕ್ಕೆ ಕಟ್ಟಿ ಹೊಡೆದ ವಿಡಿಯೋ ಎಲ್ಲರೂ ನೋಡಿದ್ದೀರಿ. ವಿಜಯನಗರ ಜಿಲ್ಲೆಯಿಂದ ದುಡಿಯಕ್ಕೆ ಹೋದವಳು. ಮಲ್ಪೆ ಬೆಂಜಿನಾ ಅಲ್ಲ. ಅಲ್ಲಿ ನಡೆದದ್ದು ಇಲ್ಲೂ ನಡೀತಿದೆ ಅಂತ ಹೇಳಕ್ಕೆ ನನ್ನ ಹತ್ತಿರ ಸರ್ವೆ ಇಲ್ಲ, ಮೀನುಗಾರ ಸಮುದಾಯವನ್ನ ಒಟ್ಟಾಗಿ ದೂರೋದು ನನ್ನ ಉದ್ದೇಶವೂ ಅಲ್ಲ, ಅವರಲ್ಲೂ ಸಾಲಕ್ಕೆ ಸಿಕ್ಕವರೇ ಜಾಸ್ತಿ. ಐಎಲ್‌ಒದ ಆ ಒಪ್ಪಂದವನ್ನ ಭಾರತ ಅನುಮೋದಿಸಿಲ್ಲ ಅನ್ನೋದನ್ನೂ ನೆನಪಲ್ಲಿಡಿ.

ಈಗ ಕೆಲಸದ ಮಾತು. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳಿಗೆ ನಿಷೇಧ, ದುಡಿಯಕ್ಕೆ ಹೋದವರಲ್ಲಿ ಎಷ್ಟೋ ಜನ ಊರಲ್ಲಿರ್ತಾರೆ. ಬಂದರಿನಲ್ಲಿ ಯಾರೂ ಬಾಯಿಬಿಡಲ್ಲ, ಊರಲ್ಲಿ ಕಟ್ಟೆ ಮೇಲೆ ಕೂತು ಮಾತಾಡ್ತಾರೆ. ವಿಜಯನಗರ, ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಯ ಸಂಗಾತಿಗಳು ನಿಮ್ಮ ನಿಮ್ಮ ಕೇರಿ, ತಾಂಡಾಗಳಲ್ಲಿ ಇಷ್ಟು ಕೇಳಿ ಬರೆದುಕೊಳ್ಳಿ: ಮುಂಗಡ ಎಷ್ಟು, ಯಾರು ಕೊಟ್ಟರು, ಅದರಲ್ಲಿ ಎಷ್ಟು ಮುರೀತು, ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ, ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ನಡುವೆ ಬಿಟ್ಟು ಬರ್ತೀನಿ ಅಂದಾಗ ಏನಂದರು. ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ನನಗೆ ಇನ್‌ಬಾಕ್ಸ್ ಮಾಡಿ. ಹೆಸರು, ಫೋಟೋ ಪೋಸ್ಟಿನಲ್ಲಿ ಹಾಕಲ್ಲ. ಆಗಸ್ಟ್ 1ಕ್ಕೆ ಬೋಟು ಹೊರಡ್ತವೆ, ಅಷ್ಟರೊಳಗೆ ಆಗಬೇಕು.